ಸೀವ್ ಅಲ್ಲ, ಸಿವ್

ಆ ಪದವನ್ನು ನಾನು ಮೊದಲ ಸಲ ಬಾಯಿಬಿಟ್ಟು ಓದಿದ್ದು ಲಿಂಗಸುಗೂರಿನ ಡಿಗ್ರಿ ಕಾಲೇಜಿನಲ್ಲಿ, ಮತ್ತು ತಪ್ಪಾಗಿ ಓದಿದ್ದೆ. ಇಂಗ್ಲಿಷ್ ಪಾಠದಲ್ಲಿ ಒಬ್ಬ ಹೆಂಗಸು ಹಿಟ್ಟು ಜರಡಿ ಹಿಡಿಯುವ ಸಾಲು ಬಂತು. ಎಸ್, ಐ, ಇ, ವಿ, ಇ. ‘ಬಿಲೀವ್’ ಇದ್ದ ಹಾಗೆ ಇದೂ ಇರಬೇಕು ಅಂದುಕೊಂಡು ‘ಸೀವ್’ ಎಂದೆ. ಅಧ್ಯಾಪಕರು ಕೈ ಎತ್ತಿ ತಡೆದರು.

“ಸಿವ್,” ಅಂದರು. “ಗಿವ್, ಲಿವ್, ಸಿವ್. ಎಳೀಬ್ಯಾಡ.”

ಹಿಂದಿನ ಬೆಂಚಿನವರು ನಕ್ಕರು. ಅಧ್ಯಾಪಕರು ಅವರ ಕಡೆ ತಿರುಗಿದರು. “ನಗೂದೇನೈತಿ? ಸ್ಪೆಲ್ಲಿಂಗ್ ನೋಡಿ ಓದ್ಯಾಳ. ಮೋಸ ಮಾಡಿದ್ದು ಸ್ಪೆಲ್ಲಿಂಗು, ಆಕಿ ಅಲ್ಲ. ಲೈಬ್ರರಿಯೊಳಗ ದೊಡ್ಡ ಡಿಕ್ಷನರಿ ಐತಿ. ಎಷ್ಟ್ ಮಂದಿ ತೆರೆದು ನೋಡೀರಿ?”

ಯಾರೂ ನೋಡಿರಲಿಲ್ಲ. ಅವತ್ತು ಮಧ್ಯಾಹ್ನ ನಾನು ಹೋಗಿ ನೋಡಿದೆ. ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ. ಪದದ ಪಕ್ಕದಲ್ಲಿ ಉಚ್ಚಾರಣೆಯ ಗುರುತುಗಳಿದ್ದವು. ಅವನ್ನು ಓದಲು ಬರುತ್ತಿರಲಿಲ್ಲವಾದ್ದರಿಂದ ಪುಸ್ತಕದ ಆರಂಭದಲ್ಲಿದ್ದ ಗುರುತಿನ ಪಟ್ಟಿಯನ್ನು ಮೊದಲು ಕಲಿತೆ. ಗಿಡ್ಡ ಇ, ಉದ್ದ ಈ, ಯಾವುದಕ್ಕೆ ಯಾವ ಗುರುತು ಎಂದು. ಆಮೇಲೆ ಪದದ ಹುಟ್ಟು ಓದಿದೆ. ಇಂಗ್ಲಿಷಿನಲ್ಲಿ ಸೋಸುವುದಕ್ಕೆ ಹಲವು ಕ್ರಿಯಾಪದಗಳಿವೆ. ‘ಫಿಲ್ಟರ್’ ಬಂದದ್ದು ಲ್ಯಾಟಿನ್ನಿನಿಂದ. ಉಣ್ಣೆಯನ್ನು ಬಡಿದು ಒತ್ತಿ ಮಾಡಿದ ಕಂಬಳಿಯಂಥ ಬಟ್ಟೆಗೆ ಇದ್ದ ಹೆಸರು ಅದು. ಆ ಬಟ್ಟೆಯಲ್ಲಿ ಸೋಸುತ್ತಿದ್ದರಂತೆ. ‘ಸ್ಟ್ರೇನ್’ ಫ್ರೆಂಚರ ಕಡೆಯಿಂದ ಬಂದದ್ದು. ಅದರ ಬುಡದಲ್ಲಿ ಬಿಗಿದು ಎಳೆಯುವ ಅರ್ಥವಿದೆ. ‘ಸಿವ್’ ಮಾತ್ರ ಎಲ್ಲಿಂದಲೂ ಬಂದದ್ದಲ್ಲ. ಅದು ಅವರ ಹಳೆಯ ಮನೆಮಾತು. ಹಿಟ್ಟಿನ ಜರಡಿಯ ಹೆಸರು, ಅದೇ ಹೆಸರಿನಿಂದ ಜರಡಿ ಹಿಡಿ ಎನ್ನುವ ಕ್ರಿಯಾಪದ. ‘ಸಿಫ್ಟ್’ ಎಂಬುದು ಅದರದೇ ಬಳಗ. ಕಾಗುಣಿತ ಏನೇನೋ ಆಗಿ ಉದ್ದವಾಯಿತು, ಅಡುಗೆಮನೆಯ ಬಾಯಿ ಮಾತ್ರ ಗಿಡ್ಡ ಇ ಬಿಡಲಿಲ್ಲ.

ನನಗೆ ಇದು ಯಾಕೆ ಅಷ್ಟು ಹಿಡಿಸಿತು ಎಂದು ಹೇಳುವುದು ಕಷ್ಟ. ಮಸ್ಕಿಯ ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಿದವರು ಯಾರೂ ಇರಲಿಲ್ಲ. ಅಪ್ಪ ಗೋಡೆಗೆ ಒಂದು ಬುದ್ಧನ ಪಟ ಹಾಕಿ, ನನ್ನನ್ನು ಓದಿಸಬೇಕೆಂದು ಹೇಳಿ, ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡಿದ್ದ. ಅವ್ವ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಕೆಲಸಕ್ಕಿದ್ದಳು. ಇಂಗ್ಲಿಷ್ ಎಂದರೆ ದೊಡ್ಡವರ ಮನೆಯ ಸಾಮಾನು, ಮುಟ್ಟಿದರೆ ಒಡೆದೀತು ಎಂಬ ಭಯ ನನಗಿತ್ತು. ಅದರೊಳಗೂ ಒಂದು ಹಿಟ್ಟಿನ ಜರಡಿ ಇದೆ, ಅದನ್ನು ಹಿಡಿದವರೂ ನಮ್ಮಂಥವರೇ ಎಂದು ಅವತ್ತು ಅನ್ನಿಸಿತು. ಅಲ್ಲಿಂದ ಮುಂದೆ ಯಾವ ಪದವನ್ನೂ ನೋಡದೆ ಬಾಯಿಗೆ ಹಾಕಿಕೊಳ್ಳಲಿಲ್ಲ.

ಓದು ಮುಗಿಸಿ, ಬಿ.ಎಡ್. ಮಾಡಿಕೊಂಡು, ಸಿಂಧನೂರಿನ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿದೆ. ದಿನಾ ಬೆಳಿಗ್ಗೆ ಮಸ್ಕಿಯಿಂದ ಬಸ್ಸು. ಆರನೇ ತರಗತಿಯ ಇಂಗ್ಲಿಷ್ ನನ್ನದು. ಎರಡು ವರ್ಷ ಯಾರ ತಕರಾರೂ ಇರಲಿಲ್ಲ.

ಮೂರನೇ ವರ್ಷ ಪುಸ್ತಕ ಬದಲಾಗಿ, ಅದೇ ಪದ ಆರನೇ ತರಗತಿಯ ಪಾಠದಲ್ಲಿ ಬಂತು. ಮಕ್ಕಳೆಲ್ಲ ಒಂದೇ ದನಿಯಲ್ಲಿ ‘ಸೀವ್’ ಎಂದರು. ನಾನು ಕರಿಹಲಗೆಯ ಮೇಲೆ ‘ಗಿವ್’ ಬರೆದೆ, ‘ಲಿವ್’ ಬರೆದೆ, ಅದರ ಕೆಳಗೆ ‘ಸಿವ್’ ಬರೆದೆ. ಹಿಂದಿನ ಸಾಲಿನಲ್ಲಿ ಯಾರೋ ಕೈ ಜೋಡಿಸಿ “ಸಿವಾ ಸಿವಾ” ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆ ಊರಿನಲ್ಲಿ ಶಿವನ ಹೆಸರಿಗೆ ಇಷ್ಟು ಹತ್ತಿರ ಇರುವ ಪದ ಯಾರಿಗೂ ಮರೆಯುವುದಿಲ್ಲ, ಒಳ್ಳೆಯದೇ ಆಯಿತು ಅಂದುಕೊಂಡೆ.

ಮರುದಿನ ಅವ್ವನ ಸಾಣಿಗೆಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ತಗಡಿನ ಬಳೆ, ಸಣ್ಣ ತಂತಿ ಜಾಳಿಗೆ. ಶಾಲೆಯ ಕಟ್ಟೆಯ ಮೇಲೆ ಹಳೆ ಪೇಪರ್ ಹಾಸಿ, ಜೋಳದ ಹಿಟ್ಟು ಸುರಿದು, ಒಬ್ಬೊಬ್ಬರ ಕೈಗೂ ಕೊಟ್ಟೆ.

“ಇದಕ್ಕ ನಿಮ್ಮನ್ಯಾಗ ಏನಂತೀರಿ?” ಎಂದು ಕೇಳಿದೆ.

ಗೊರೇಬಾಳದಿಂದ ಆಟೋದಲ್ಲಿ ಬರುವವರು ಸಾಣಿಗಿ ಎಂದರು. ಪೇಟೆಯ ಹುಡುಗಿಯೊಬ್ಬಳು ಜರಡಿ ಎಂದಳು. ಆಂಧ್ರದಿಂದ ಬಂದು ತುರ್ವಿಹಾಳ ಕಡೆ ನೆಲೆಸಿದವರ ಕ್ಯಾಂಪಿನಿಂದ ಬರುವ ತೆಲುಗು ಮನೆಯ ಮಕ್ಕಳು ಜಲ್ಲೆಡ ಎಂದರು. ಮನೆಯಲ್ಲಿ ಉರ್ದು ಆಡುವ ಹುಡುಗಿ “ಛನ್ನಿ, ಮಿಸ್” ಎಂದು ನಾಚಿಕೊಂಡಳು. ಹಿಟ್ಟು ಸಾಣಿಸುತ್ತೇವೆ, ಚಹಾ ಸೋಸುತ್ತೇವೆ, ಅನ್ನದ ಗಂಜಿ ಬಸಿಯುತ್ತೇವೆ, ಜೋಳ ಕೇರಿ ಹಸನು ಮಾಡುತ್ತೇವೆ; ಪ್ರತಿಯೊಂದಕ್ಕೂ ಬೇರೆ ಮಾತಿದೆ, ಇಂಗ್ಲಿಷಿನಲ್ಲೂ ಹಾಗೆಯೇ ಎಂದು ಹೇಳಿದೆ. ಎಲ್ಲರ ಮೂಗಿನ ಮೇಲೂ ಹಿಟ್ಟಾಯಿತು. ನನ್ನ ಮಾಸ್ತರಿಕೆಯಲ್ಲಿ ಅಷ್ಟು ಚೆನ್ನಾಗಿ ಆದ ಪಾಠ ಕಡಿಮೆ.

ಜರಡಿ ಎಂದ ಹುಡುಗಿಯ ತಂದೆ ಅಕ್ಕಿ ಗಿರಣಿಯ ಮಾಲೀಕರು. ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದರು. ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದರು. ಅವರ ಗಿರಣಿಯಲ್ಲಿ ಭತ್ತದಿಂದ ಕಲ್ಲು, ಹುಲ್ಲು ಬೇರೆ ಮಾಡುವ ಯಂತ್ರವಿತ್ತು. ಆ ಭಾನುವಾರ ಯಂತ್ರ ಮಾರುವ ಕಂಪನಿಯವರು ಬಂದು ಕೂತಿದ್ದಾಗ, ಸಾವ್ಕಾರ್ರು ಯಂತ್ರದೊಳಗಿನ ಜರಡಿ, ಅಂದರೆ ‘ಸೀವ್’, ಬದಲಿಸುವ ಮಾತಾಡುತ್ತಿದ್ದಾಗ, ನೀರು ತಂದಿಟ್ಟ ಮಗಳು, “ಅಪ್ಪಾಜಿ, ಅದು ಸೀವ್ ಅಲ್ಲ, ಸಿವ್. ನಮ್ ಮಿಸ್ ಹೇಳ್ಯಾರ” ಅಂದಳಂತೆ. ಬಂದವರು ನಕ್ಕರಂತೆ. ಇದನ್ನು ಆ ಹುಡುಗಿಯೇ ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. “ಅಪ್ಪಾಜಿ ಸಿಟ್ಟಾಗ್ಯಾರ, ಮಿಸ್. ಇವತ್ತ ಸಾಲಿಗೆ ಬರ್ತಾರ.”

ಬಂದರು. ನನ್ನನ್ನು ಹೆಡ್‌ ಮೇಡಂ ಕೋಣೆಗೆ ಕರೆಸಿದರು. ಮೇಡಂ ಕೆಟ್ಟವರಲ್ಲ. ಯಾರನ್ನೂ ನೋಯಿಸದೆ ದಿನ ದೂಡಬೇಕು ಎನ್ನುವ ಹೆಂಗಸು. ಸಾವ್ಕಾರ್ರು ಕುರ್ಚಿಯಲ್ಲಿ ಹಿಂದಕ್ಕೊರಗಿದ್ದರು. ನನಗೆ ಕೂರಲು ಯಾರೂ ಹೇಳಲಿಲ್ಲ. ನಾನೇ ಒಂದು ಕುರ್ಚಿ ಎಳೆದುಕೊಂಡು ಕೂತೆ.

“ನೀವು ಮಕ್ಕಳಿಗೆ ತಪ್ಪು ಕಲಿಸಾಕತ್ತೀರಂತ,” ಎಂದರು ಸಾವ್ಕಾರ್ರು.

“ಯಾವುದು ತಪ್ಪು ಹೇಳ್ರಿ.”

“ಸೀವ್‌ಗೆ ಸಿವ್ ಅಂತೀರಂತ. ನಾ ಮಿಲ್ ಸುರು ಮಾಡಿದಾಗಿಂದ ಸೀವ್ ಅಂತೀನಿ. ಮಷೀನ್ ತಯಾರು ಮಾಡೋರಽ ಸೀವ್ ಅಂತಾರ. ಅವರಿಗಿಂತ ನಿಮಗ ಹೆಚ್ಚು ಗೊತ್ತೈತೇನು?”

ನಾನು ಫೋನು ತೆಗೆದು ಒಂದು ಡಿಕ್ಷನರಿಯ ಉಚ್ಚಾರಣೆ ಕೇಳಿಸಿದೆ. ಹೆಣ್ಣು ದನಿ ಸ್ಪಷ್ಟವಾಗಿ ‘ಸಿವ್’ ಎಂದಿತು. ಇನ್ನೊಮ್ಮೆ ಒತ್ತಿದೆ. ಮತ್ತೆ ‘ಸಿವ್’.

“ಅದು ಅಮೇರಿಕಾದ್ದು,” ಎಂದರು.

ಇಂಗ್ಲೆಂಡಿನ ಗಂಡು ದನಿಯನ್ನು ಒತ್ತಿದೆ. ಅದೂ ‘ಸಿವ್’ ಎಂದಿತು. ಮೇಡಂ ತಲೆ ತಗ್ಗಿಸಿ ಪೆನ್ನಿನ ಟೊಪ್ಪಿಗೆ ಹಾಕುತ್ತ ತೆಗೆಯುತ್ತ ಇದ್ದರು. ಸಾವ್ಕಾರ್ರು ಫೋನನ್ನು ಬಿಟ್ಟು ನನ್ನನ್ನು ನೋಡಿದರು.

“ನಿಮ್ಮೂರು ಯಾವುದು?”

“ಮಸ್ಕಿ.”

“ಮಸ್ಕಿಯೊಳಗ ಎಲ್ಲಿ? ಯಾವ ಓಣಿ?”

ಹೇಳಿದೆ.

“ಮನೆತನದ ಹೆಸರು?”

ಅದನ್ನೂ ಹೇಳಿದೆ, ಅವರ ಕಣ್ಣಲ್ಲಿ ಕಣ್ಣಿಟ್ಟು. ಅವರಿಗೆ ಬೇಕಾದದ್ದು ಸಿಕ್ಕಿತು. ಮುಖದ ಸಿಟ್ಟು ಇಳಿದು ಒಂದು ನಗು ಬಂತು. ಆ ನಗುವಿಗಿಂತ ಸಿಟ್ಟೇ ವಾಸಿಯಿತ್ತು. ನನ್ನನ್ನು ಬಿಟ್ಟು ಮೇಡಂ ಕಡೆ ತಿರುಗಿ ಹೇಳಿದರು: “ಇವರಿಗೆ ಎಲ್ಲಿಂದ ಬರ್ಬೇಕ್ರಿ ಇಂಗ್ಲೀಷು? ನೀವರ ನೋಡಿ ತಗೋಬೇಕಿಲ್ಲೋ?”

ನನ್ನ ದನಿ ನಡುಗಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಬಗ್ಗೆ ನನಗೆ ಮೆಚ್ಚುಗೆ ಇದೆ. “ಲಿಂಗಸುಗೂರಿಂದ ಬಂದೈತ್ರಿ,” ಎಂದೆ. “ಕಾಲೇಜಿನ್ಯಾಗ ಕಲ್ತೀನಿ. ನಿಮಗ ಬೇಕಾದ್ರ ನಿಮಗೂ ಹೇಳಿಕೊಡ್ತೀನಿ.”

ಸಾವ್ಕಾರ್ರು ಎದ್ದು ಹೋದರು. ಅವರ ಕಾರು ಗೇಟು ದಾಟುವುದನ್ನು ಮೇಡಂ ಕಿಟಕಿಯಿಂದ ನೋಡಿದರು.

“ಅಷ್ಟು ಮಾತು ಬೇಕಿತ್ತೇನ್ರಿ?” ಎಂದರು ಆಮೇಲೆ.

“ಅವರ ಮಾತು ಬೇಕಿತ್ತೇನ್ರಿ ಮೇಡಂ?”

“ನೋಡ್ರಿ, ನಾಳೆ ಕ್ಲಾಸಿನ್ಯಾಗ ಎರಡೂ ಸರಿ ಅಂದುಬಿಡ್ರಿ. ನಿಮ್ದೇನ್ ಹೋಗ್ತೈತಿ? ಒಂದು ಪದ.”

“ಎರಡೂ ಸರಿ ಇಲ್ಲ, ಮೇಡಂ.”

“ನನಗೂ ಗೊತ್ತೈತಿ. ಅವರು ಕಮಿಟಿಯೊಳಗದಾರ.”

“ಕಮಿಟಿಗೆ ಒಂದು ಉಚ್ಚಾರ, ಮಕ್ಕಳಿಗೆ ಒಂದು ಉಚ್ಚಾರ ನನ್ನ ಹತ್ರ ಇಲ್ರಿ.”

ಅವತ್ತು ಸಂಜೆ ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬೆನ್ನು ತಟ್ಟುತ್ತಾಳೆ ಎಂದು ನಾನು ಎಣಿಸಿದ್ದೆ.

“ಅದು ಹ್ಯಾಂಗ ಅಂತಾರ, ಇನ್ನೊಮ್ಮೆ ಅನ್ನು,” ಎಂದಳು.

“ಸಿವ್.”

“ಇಷ್ಟಽ?”

“ಇಷ್ಟಽ.”

“ಇಷ್ಟಕ್ಕ ನೌಕರಿ ಕಳ್ಕೊಂತಿಯೇನ್ ಬೇ? ಉದ್ದ ಅನ್ನಂದ್ರ ಉದ್ದ ಅನ್ನು. ಬಾಯಿ ಸವೀತೈತೇನು?”

ನನಗೆ ತಡೆಯಲಾಗಲಿಲ್ಲ. ಅವ್ವ ಬಿಸಿಯೂಟಕ್ಕೆ ಸೇರಿದ್ದು ಅಡುಗೆಯವಳಾಗಿ. ಕೆಲವು ಮನೆಯವರು ನಮ್ಮ ಮಕ್ಕಳು ಅವಳ ಕೈಯಡುಗೆ ಉಣ್ಣುವುದಿಲ್ಲ ಎಂದಾಗ, ಶಾಲೆಯವರು ಅವಳನ್ನು ಪಾತ್ರೆ ತೊಳೆಯಲು ಹಚ್ಚಿದರು. ಅಕ್ಕಿ ಆರಿಸಬಹುದು, ನೀರು ತರಬಹುದು, ಒಲೆಯ ಹತ್ತಿರ ಹೋಗುವಂತಿಲ್ಲ. ಅವ್ವ ಒಂದು ಮಾತೂ ಆಡಲಿಲ್ಲ. ಗುರುಗುಂಟಾದ ಅವಳ ತವರಿನಲ್ಲಿ ಅವಳ ಕೈಯ ಸಾರಿಗೆ ಜನ ಕಾಯುತ್ತಿದ್ದರು.

“ನೀ ಸುಮ್ನಿದ್ದಿ. ಸುಮ್ನಿದ್ದು ಏನ್ ಸಿಕ್ತವ್ವಾ ನಿನಗ?” ಎಂದೆ.

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು. “ನೀ ಸಿಕ್ಕಿ,” ಎಂದಳು. “ಬಿ.ಎಡ್. ಮಾಡ್ಸೀನಿ. ಇಲ್ಲಂದ್ರ ಇಂಥಾ ಮಾತು ನಿನಗ ಎಲ್ಲಿಂದ ಬರ್ತಿದ್ವು?”

ಉಂಡೆವು. ಅವಳ ಮಾತು ನಿಜವೇ. ಆದರೆ ನಿಜವಾದ ಮಾತ್ರಕ್ಕೆ ನಾನೂ ಅದನ್ನೇ ಮಾಡಬೇಕು ಎಂದು ಅನ್ನಿಸಲಿಲ್ಲ. ಅವಳಿಗೆ ಸುಮ್ಮನಿರುವುದಕ್ಕೆ ನಾನೊಂದು ಕಾರಣವಾಗಿದ್ದೆ. ನನಗೆ ಅಂಥ ಕಾರಣವೇನೂ ಇರಲಿಲ್ಲ.

ಮರುದಿನ ನನ್ನ ಪಾಠದ ನಡುವೆ ಮೇಡಂ ತರಗತಿಯೊಳಗೆ ಬಂದರು. ಮಕ್ಕಳು ಎದ್ದು ನಿಂತರು. ಅವರು ಕರಿಹಲಗೆಯ ಕಡೆ ನೋಡದೆ, ಕಿಟಕಿಯ ಕಡೆ ನೋಡುತ್ತ, “ಮಕ್ಕಳೇ, ಆ ಪದಕ್ಕೆ ಸೀವ್ ಅಂತಲೂ ಅನ್ನಬಹುದು, ಅದೇ ಹೆಚ್ಚು ಬಳಕೆಯಲ್ಲಿರುವುದು” ಎಂದರು. ಪುಸ್ತಕದ ಕನ್ನಡದಲ್ಲಿ ಹೇಳಿದರು, ಬರೆದು ಬಾಯಿಪಾಠ ಮಾಡಿದ ಹಾಗೆ. ಎಲ್ಲ ಕಣ್ಣು ನನ್ನ ಮೇಲೆ ಬಂದವು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಮೇಡಂ ಹೇಳಿದ್ದು ಕೇಳಿದ್ರಿ,” ಎಂದೆ. “ಭಾಳ ಮಂದಿ ಹಂಗ ಅಂತಾರ, ಅದು ಖರೇ. ನಾನೂ ಒಂದು ಕಾಲಕ್ಕ ಹಂಗಽ ಅಂತಿದ್ದೆ. ಆದ್ರ ಸರಿ ಉಚ್ಚಾರ ಸಿವ್. ಪರೀಕ್ಷಾದಾಗ ಕೇಳಿದ್ರೂ ಅದಽ, ಲಂಡನ್ನಿನ್ಯಾಗ ಕೇಳಿದ್ರೂ ಅದಽ, ಸಿಂಧನೂರಾಗ ಕೇಳಿದ್ರೂ ಅದಽ.”

ಮೇಡಂ ನನ್ನತ್ತ ನೋಡದೆ ತಿರುಗಿದರು. ಹೊರಗೆ ಹೋದರು. ಪಾಠ ಮುಂದುವರಿಸಿದೆ. ಒಬ್ಬೊಬ್ಬರಾಗಿ ಓದಲು ಹೇಳಿದೆ. ಸಾವ್ಕಾರ್ರ ಮಗಳ ಸರದಿ ಬಂದಾಗ ಅವಳು ಆ ಪದದ ಹತ್ತಿರ ಬಂದು ನಿಂತುಬಿಟ್ಟಳು. ಬೆರಳು ಪದದ ಕೆಳಗೆ, ಬಾಯಿ ಮುಚ್ಚಿದೆ. ಆಮೇಲೆ ತಲೆ ತಗ್ಗಿಸಿ “ಸೀವ್” ಎಂದಳು. ಯಾರೋ ಕಿಸಕ್ಕೆಂದರು. ನಾನು ಅವರನ್ನು ಸುಮ್ಮನಾಗಿಸಿ, ಮುಂದಿನ ಸಾಲು ಓದಲು ಹೇಳಿದೆ.

ಗಂಟೆಯಾದ ಮೇಲೆ ಅವಳು ಬಂದಳು. “ಮಿಸ್, ನಂಗ ಸರಿ ಗೊತ್ತೈತಿ. ಆದ್ರ ಮನ್ಯಾಗ ಆಣಿ ಮಾಡ್ಸ್ಯಾರ.”

“ಇರ್ಲಿ ಬಿಡವ್ವಾ,” ಎಂದೆ. “ಗೊತ್ತಿದ್ರ ಸಾಕು. ಅನ್ನಾಕ ಇನ್ನಾ ಭಾಳ ವರ್ಷ ಅದಾವ ನಿಂಗ.” ನನ್ನ ಜಗಳವನ್ನು ಆ ಮಗುವಿನ ನಾಲಿಗೆಯ ಮೇಲೆ ಹೊರಿಸಲು ನನಗೆ ಮನಸ್ಸಿರಲಿಲ್ಲ.

ಮಧ್ಯಾಹ್ನ ಮೇಡಂ ಕರೆಸಿ ರಾಜೀನಾಮೆ ಬರೆದುಕೊಡಲು ಹೇಳಿದರು. ವೈಯಕ್ತಿಕ ಕಾರಣ ಅಂತ ಬರೆಯಿರಿ, ಅನುಭವದ ಸರ್ಟಿಫಿಕೇಟು ಚೆನ್ನಾಗಿ ಕೊಡುತ್ತೇನೆ ಎಂದರು.

“ನನಗ ಯಾವ ವೈಯಕ್ತಿಕ ಕಾರಣಾನೂ ಇಲ್ರಿ ಮೇಡಂ,” ಎಂದೆ. “ನೀವಽ ತೆಗೀರಿ. ಯಾಕ ತೆಗೆದ್ರಿ ಅಂತ ನೀವಽ ಬರೀರಿ. ‘ಸಿವ್ ಅನ್ನೂದಕ್ಕ ಸಿವ್ ಅಂದಳು’ ಅಂತ ಬರ್ದು ಸಹಿ ಹಾಕಿ ಶಿಕ್ಕಾ ಹೊಡೀರಿ. ನಾ ಅದನ್ನ ಫ್ರೇಮ್ ಹಾಕಿಸ್ಕೊಂತೀನಿ.”

ಅವರಿಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಆದರೆ ಮರುಕ್ಷಣ ಮುಖ ಗಟ್ಟಿ ಮಾಡಿಕೊಂಡು, “ಹಂಗಾದ್ರ ನಾಳೆಯಿಂದ ಎಲ್‌ಕೆಜಿಗೆ ಹೋಗ್ರಿ” ಎಂದರು. ಹಾಗೆ ಮಾಡಿದರೆ ನಾನೇ ಬೇಸತ್ತು ಬಿಡುತ್ತೇನೆ ಎಂಬುದು ಅವರ ಎಣಿಕೆ. ಆರನೇ ತರಗತಿಗೆ ಇನ್ನೊಬ್ಬರು ಬಂದರು.

ನಾನು ಬಿಡಲಿಲ್ಲ. ವರ್ಷ ಮುಗಿಯುವ ತನಕ ಎಲ್‌ಕೆಜಿಯಲ್ಲಿ ಮೂಗು ಒರೆಸಿದೆ, ಬೂಟಿನ ದಾರ ಕಟ್ಟಿದೆ, ಚಡ್ಡಿ ಒದ್ದೆ ಮಾಡಿಕೊಂಡವರನ್ನು ತೊಳೆದೆ. ಸ್ಟಾಫ್‌ರೂಮಿನಲ್ಲಿ ಒಬ್ಬರು ನಾನು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು, ಇನ್ನೊಬ್ಬರು ಯಾರೂ ಇಲ್ಲದಾಗ ಬಂದು “ಭಾಳ ಛಲೋ ಮಾಡಿದ್ರಿ” ಎನ್ನುತ್ತಿದ್ದರು. ಆ ಎರಡನೆಯವರ ಮೇಲೆಯೇ ನನಗೆ ಹೆಚ್ಚು ಸಿಟ್ಟಿತ್ತು. ಎಲ್‌ಕೆಜಿ ಮಕ್ಕಳಿಗೆ ಮಾತ್ರ ಉಚ್ಚಾರಣೆಯನ್ನು ಬುಡದಿಂದ ಕಲಿಸಿದೆ. ಅವರ ಬಾಯಿ ಇನ್ನೂ ಯಾರ ಪಾಲಿಗೂ ಹೋಗಿರಲಿಲ್ಲ.

ಕೆಲವು ದಿನ ಬಸ್ಸಿನಲ್ಲಿ ಕೂತು ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಮಸ್ಕಿ ಬರುವ ಮೊದಲು ಮುಖ ಒರೆಸಿಕೊಳ್ಳುತ್ತಿದ್ದೆ. ಆದರೆ ಅವ್ವ ಕಟ್ಟುವ ಬುತ್ತಿಯಲ್ಲಿ ಮೊದಲಿಗಿಂತ ಒಂದು ರೊಟ್ಟಿ ಹೆಚ್ಚು ಇರುತ್ತಿತ್ತು.

ಬೇಸಿಗೆ ರಜೆಯಲ್ಲಿ ಲಿಂಗಸುಗೂರಿನ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷಿಗೆ ಜಾಗ ಇದೆ ಎಂದು ಗೊತ್ತಾಯಿತು. ಎಂ.ಎ.ಯನ್ನು ನಾನು ಮನೆಯಿಂದಲೇ ಕಟ್ಟಿ ಪಾಸಾಗಿದ್ದೆ. ಪಾಠ ಮಾಡಿಸಿ ನೋಡಿದರು, ತೆಗೆದುಕೊಂಡರು. ಸಿಂಧನೂರಿನ ಶಾಲೆಗೆ ಹೋಗಿ ರಾಜೀನಾಮೆ ಕೊಟ್ಟೆ. ಕಾರಣದ ಜಾಗದಲ್ಲಿ ‘ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿದೆ’ ಎಂದು ಬರೆದೆ. ಮೇಡಂ ಓದಿ, “ಒಂದು ಮಾತು ಬಗ್ಗಿದ್ರ ಇಲ್ಲೇ ಇರ್ತಿದ್ರಿ” ಎಂದರು.

“ಹೌದ್ರಿ,” ಎಂದೆ. “ಬಗ್ಗಿಕೊಂಡಽ ಇರ್ತಿದ್ದೆ.”

ಈಗ ಲಿಂಗಸುಗೂರಿನಲ್ಲಿ ನನ್ನ ಜೊತೆ ಪಾಠ ಮಾಡುವ ಚರಿತ್ರೆಯ ಅಧ್ಯಾಪಕಿಯೊಬ್ಬರಿದ್ದಾರೆ. ಚಹಾ ಕುಡಿಯುವಾಗ ಒಮ್ಮೆ ಅವರಿಗೆ ಈ ಕಥೆ ಹೇಳಿದೆ. ಅವರು ಮೆಚ್ಚುವ ಬದಲು ಒಂದು ಪ್ರಶ್ನೆ ಕೇಳಿದರು. “ಅಲ್ರೀ, ಇಂಗ್ಲಿಷರ ಬಾಯಿ ಸಲುವಾಗಿ ನೀವ್ಯಾಕ ನಿಮ್ಮ ಹೊಟ್ಟಿಗೆ ಕಲ್ಲು ಹಾಕ್ಕೊಂಡ್ರಿ? ಅವರು ಹಂಗ ಅಂದ್ರ ನಾವೂ ಹಂಗಽ ಅನ್ಬೇಕಂತ ಏನೈತಿ? ನಮ್ಮ ಕಡೆ ಎಲ್ಲಾರೂ ಸೀವ್ ಅಂದ್ರ ಸೀವಽ ನಮ್ಮ ಇಂಗ್ಲೀಷು.”

ಅವತ್ತು ರಾತ್ರಿ ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಅವರ ಮಾತಿನಲ್ಲಿ ಹುರುಳಿದೆ. ಸಾವ್ಕಾರ್ರು ಅವತ್ತು ಬಂದು, “ಮೇಡಮ್ಮೋರ, ನಮ್ಮ ಗಿರಣಿಗಳೊಳಗ ಎಲ್ಲಾರೂ ಸೀವ್ ಅಂತೀವಿ, ಇದು ಸಿಂಧನೂರಿನ ಇಂಗ್ಲೀಷು, ಇದನ್ನೂ ಮಕ್ಕಳಿಗೆ ಹೇಳ್ರಿ” ಎಂದಿದ್ದರೆ, ಜಲ್ಲೆಡ, ಛನ್ನಿಗಳ ಜೊತೆ ಅದನ್ನೂ ಕರಿಹಲಗೆಯ ಮೇಲೆ ಖುಷಿಯಿಂದ ಬರೆಯುತ್ತಿದ್ದೆ. ಅವರು ಹಾಗೆ ಹೇಳಲಿಲ್ಲ. ಯಾವ ಓಣಿ ಎಂದು ಕೇಳಿದರು. ಓಣಿ ತಿಳಿದ ಮೇಲೆ ನಾನು ಅಂದದ್ದೆಲ್ಲ ತಪ್ಪಾಯಿತು. ಅವರ ಬಾಯಲ್ಲಿ ಸರಿಯಾಗುವುದು ನನ್ನ ಬಾಯಲ್ಲಿ ತಪ್ಪಾಗುವುದಾದರೆ, ಅಲ್ಲಿ ಇಂಗ್ಲಿಷಿನ ಪ್ರಶ್ನೆಯೇ ಇಲ್ಲ. ನಾನು ಯಾವ ಇಂಗ್ಲಿಷರ ಪರವಾಗಿಯೂ ಜಗಳವಾಡಲಿಲ್ಲ. ನಾನು ಕಷ್ಟಪಟ್ಟು ಕಲಿತದ್ದು ನನ್ನದು, ಅದನ್ನು ಬಿಟ್ಟುಕೊಡು ಎನ್ನಲು ನೀನು ಯಾರು ಎಂದಷ್ಟೇ ಕೇಳಿದೆ.

ಮರುದಿನ ಆ ಅಧ್ಯಾಪಕಿಗೆ ಇದನ್ನೇ ಹೇಳಿದೆ. ಅವರು, “ಹಂಗಾದ್ರ ಜಗಳಾಡಿದ್ದು ಬರೋಬರಿ” ಎಂದರು.

ಹೋದ ತಿಂಗಳು ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ಸಾವ್ಕಾರ್ರನ್ನು ಕಂಡೆ. ಯಾವುದೋ ಮದುವೆಗೆ ಬಂದಿದ್ದರಂತೆ, ಕಾರಿಗೆ ಕಾಯುತ್ತ ನಿಂತಿದ್ದರು. ಗುರುತು ಹಿಡಿದರು. ನಾನು ಮುಖ ತಿರುಗಿಸಲಿಲ್ಲ, ಅವರೂ ತಿರುಗಿಸಲಿಲ್ಲ.

“ಎಲ್ಲಿ ಇರ್ತೀರಿ ಈಗ?”

“ಲಿಂಗಸುಗೂರಾಗ. ಕಾಲೇಜಿನ್ಯಾಗ ಅದೀನ್ರಿ.”

“ಕಾಲೇಜಿನ್ಯಾಗ,” ಎಂದರು, ಆ ಪದವನ್ನು ಬಾಯಲ್ಲಿ ಇಟ್ಟು ನೋಡಿದ ಹಾಗೆ. ಆಮೇಲೆ, “ಇನ್ನೂ ಹಂಗಽ ಅಂತೀರೇನು?”

“ಹಂಗಽ ಅಂತೀನ್ರಿ.”

“ನಾವೂ ನಮ್ಮಂಗಽ ಅಂತೀವಿ.”

“ಅನ್ರಿ,” ಎಂದೆ. “ನಿಮ್ಮ ಬಾಯಿ. ನಾ ಯಾವತ್ತೂ ಬ್ಯಾಡ ಅಂದಿಲ್ಲ.”

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾರು ಬಂತು. ಹತ್ತಿ ಬಾಗಿಲು ಹಾಕಿಕೊಂಡರು. ನಾನು ಕಾಯಿಪಲ್ಲೆ ಚೀಲ ಎತ್ತಿಕೊಂಡು, ಅವರು ಅವತ್ತು ವಿಚಾರಿಸಿದ ಓಣಿಯ ಕಡೆ ನಡೆದೆ.